ನಲವತ್ತನಾಲ್ಕನೇ ಬಾಗಿಲಿನ ಲೆಕ್ಕ

ದೆಹಲಿಯ ಇಂಡಿಯಾ ಗೇಟನ್ನು ನೋಡದವರು ಕಡಿಮೆ. ಖುದ್ದಾಗಿ ಹೋಗದಿದ್ದವರೂ ಟೀವಿಯಲ್ಲಿ, ಪಠ್ಯಪುಸ್ತಕದಲ್ಲಿ, ಉತ್ತರ ಭಾರತದ ಟೂರು ಮುಗಿಸಿ ಬಂದ ನೆಂಟರ ಆಲ್ಬಮ್ಮಿನಲ್ಲಿ ನೋಡಿಯೇ ಇರುತ್ತಾರೆ. ಕಮಾನಿನ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ 'ಇಂಡಿಯಾ' ಎಂದು ಕೆತ್ತಿದೆ. ಅದರ ಎಡಬಲದಲ್ಲಿ ಇನ್ನೆರಡು ಅಕ್ಷರಗುಂಪುಗಳಿವೆ. ಅವನ್ನು ಓದುವ ಗೋಜಿಗೆ ಯಾರೂ ಹೋಗುವುದಿಲ್ಲ. ಎಡಕ್ಕೆ ಎಂ-ಸಿ-ಎಂ-ಎಕ್ಸ್-ಐ-ವಿ, ಬಲಕ್ಕೆ ಎಂ-ಸಿ-ಎಂ-ಎಕ್ಸ್-ಐ-ಎಕ್ಸ್. ಅಂದರೆ 1914 ಮತ್ತು 1919.

ಎರಡರಲ್ಲೂ ಆರಾರು ಅಕ್ಷರ. ಮೊದಲ ಐದು ಒಂದೇ, ಕೊನೆಯದು ಮಾತ್ರ ಬೇರೆ. ನಮ್ಮ ಅಂಕಿಯಲ್ಲಿ ಬರೆದರೂ ಕೊನೆಯದೊಂದೇ ಬದಲಾಗುತ್ತದೆ, ನಿಜ. ಆದರೆ 4ರ ಆಕಾರಕ್ಕೂ 9ರ ಆಕಾರಕ್ಕೂ ಏನೂ ನಂಟಿಲ್ಲ. 'ವಿ'ಗೂ 'ಎಕ್ಸ್'ಗೂ ಇದೆ. 'ಎಕ್ಸ್' ಅನ್ನು ನಡುವಿಗೆ ಸರಿಯಾಗಿ ಅಡ್ಡ ಕೊಯ್ದರೆ ಮೇಲಿನ ಅರ್ಧವೇ 'ವಿ'. ಹತ್ತರಲ್ಲಿ ಅರ್ಧ ಐದು ಎಂಬುದನ್ನು ಈ ಲಿಪಿ ಕಣ್ಣಿಗೇ ತೋರಿಸುತ್ತದೆ. ಹಾಗಾಗಿ ಕಮಾನಿನ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದರೆ, ಮಹಾಯುದ್ಧದ ಶುರುವಿನಿಂದ ವರ್ಸೇಲ್ಸ್ ಒಪ್ಪಂದದವರೆಗಿನ ಐದು ವರ್ಷ ಒಂದು ಅಕ್ಷರದ ಕೆಳಗಿನ ಅರ್ಧವಾಗಿ ಕಾಣುತ್ತದೆ. ಎಡಗಡೆ ಇರದ ಆ ಕೆಳಗಿನ ಎರಡು ಕಾಲು ಬಲಗಡೆ ಬಂದಿವೆ, ಅಷ್ಟೆ.

ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್ ಇದನ್ನು ಬೇಕೆಂದೇ ಮಾಡಿದನೆಂದು ನಾನು ಹೇಳುತ್ತಿಲ್ಲ. ಇಸವಿಗಳು ಹಾಗೆ ಒದಗಿ ಬಂದವು. ಆದರೆ ಒದಗಿದ ತೂಕವನ್ನು ಬಳಸಿಕೊಳ್ಳುವ ಕಣ್ಣು ಅವನಿಗಿತ್ತು. ಲಂಡನ್ನಿನ ವೈಟ್‌ಹಾಲ್ ರಸ್ತೆಯಲ್ಲಿ 1920ರಲ್ಲಿ ಅವನೇ ನಿಲ್ಲಿಸಿದ ಸೆನೊಟಾಫ್ ಸ್ಮಾರಕದ ಮೇಲೂ ಇದೇ ಜೋಡಿಯಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ಕಲ್ಲಿಗೆ ಇನ್ನೆರಡು ಇಸವಿ ಸೇರಿಸಬೇಕಾಯಿತು. 1939ಕ್ಕೆ ಎಂಟು ಅಕ್ಷರ, 1945ಕ್ಕೆ ಆರು. ಮೊದಲ ಜೋಡಿಯ ಸಮತೂಕ ಎರಡನೆಯದಕ್ಕೆ ಬರಲಿಲ್ಲ.

ಮಾಮೂಲಿ ಸಂಖ್ಯೆಯನ್ನು ರೋಮನ್ನಿಗೆ ತಿರುಗಿಸುವುದನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಹೆಚ್ಚಿನವರ ಪಾಲಿಗೆ ಅದು ಬಾಯಿಪಾಠದ ಕೋಷ್ಟಕ. ಪರೀಕ್ಷೆ ಮುಗಿದ ಸಂಜೆಗೆ ಅದರ ಕೆಲಸವೂ ಮುಗಿಯುತ್ತದೆ. ಆಮೇಲೆ ಪ್ರಶ್ನೆಪತ್ರಿಕೆಯ ಮುಖ್ಯ ಪ್ರಶ್ನೆಗಳ ಪಕ್ಕದಲ್ಲಿ, ಪುಸ್ತಕದ ಮುನ್ನುಡಿಯ ಪುಟಗಳಲ್ಲಿ, ದೊರೆಗಳ ಹೆಸರಿನ ಬಾಲದಲ್ಲಿ ಕಂಡಾಗ ಒಂದಿಷ್ಟು ತಡವರಿಸಿ ಮುಂದೆ ಹೋಗುತ್ತೇವೆ. ಕೋಷ್ಟಕವನ್ನು ಬದಿಗಿಟ್ಟು ನಿಧಾನವಾಗಿ ಒಂದು ಸಂಖ್ಯೆಯನ್ನು ತಿರುಗಿಸಿ ನೋಡಿದರೆ ಅದರ ರುಚಿ ಹತ್ತುತ್ತದೆ.

1987ನ್ನೇ ತೆಗೆದುಕೊಳ್ಳಿ. ಜೋರಾಗಿ ಓದಿ: ಸಾವಿರದ ಒಂಬೈನೂರ ಎಂಬತ್ತೇಳು. ಅರ್ಧ ಕೆಲಸ ಬಾಯಲ್ಲೇ ಆಯಿತು. ಅಂಕಿಯಲ್ಲಿ ಬರೆದಾಗ 1, 9, 8, 7 ಎಂದು ಒಂದಕ್ಕೊಂದು ಒತ್ತಿಕೊಂಡು ನಿಂತದ್ದನ್ನು ನಾಲಿಗೆ ಬಿಡಿಸಿಟ್ಟಿದೆ. ಇನ್ನು ಒಂದೊಂದು ತುಂಡಿಗೂ ಅದರ ಅಕ್ಷರ ಕೊಟ್ಟರೆ ಸಾಕು. ಸಾವಿರಕ್ಕೆ 'ಎಂ'. ಒಂಬೈನೂರು ಎಂದರೆ ಸಾವಿರಕ್ಕೆ ನೂರು ಕಮ್ಮಿ, 'ಸಿ-ಎಂ'. ಎಂಬತ್ತು ಎಂದರೆ ಐವತ್ತರ ಮೇಲೆ ಮೂರು ಹತ್ತು, 'ಎಲ್-ಎಕ್ಸ್-ಎಕ್ಸ್-ಎಕ್ಸ್'. ಏಳು ಎಂದರೆ ಐದರ ಮೇಲೆ ಎರಡು, 'ವಿ-ಐ-ಐ'. ಜೋಡಿಸಿದರೆ ಮುಗಿಯಿತು.

ಇಷ್ಟಕ್ಕೇ ನಿಲ್ಲದೆ ಇನ್ನೂ ಒಂದು ಗಳಿಗೆ ನೋಡಬೇಕು. ಒಂದರಿಂದ ಒಂಬತ್ತರವರೆಗೆ ಒಂಬತ್ತು ವಿನ್ಯಾಸಗಳಿವೆ: ಒಂದು ಗೀಟು, ಎರಡು ಗೀಟು, ಮೂರು ಗೀಟು, ಐದರ ಎಡಕ್ಕೆ ಒಂದು, ಬರಿಯ ಐದು, ಐದರ ಬಲಕ್ಕೆ ಒಂದು, ಎರಡು, ಮೂರು, ಕೊನೆಗೆ ಹತ್ತರ ಎಡಕ್ಕೆ ಒಂದು. ಹತ್ತರಿಂದ ತೊಂಬತ್ತರವರೆಗೂ ಇವೇ ಒಂಬತ್ತು, ನೂರರಿಂದ ಒಂಬೈನೂರರವರೆಗೂ ಇವೇ ಒಂಬತ್ತು. ಬದಲಾಗುವುದು ಅಕ್ಷರಗಳ ಮೂವರ ತಂಡ ಮಾತ್ರ: ಮೊದಲು ಐ, ವಿ, ಎಕ್ಸ್, ಆಮೇಲೆ ಎಕ್ಸ್, ಎಲ್, ಸಿ, ಕೊನೆಗೆ ಸಿ, ಡಿ, ಎಂ. ಸಂಗೀತ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಸ್ವರಗಳು ಮಂದ್ರ, ಮಧ್ಯ, ತಾರ ಎಂದು ಮೂರು ಸ್ಥಾಯಿಯಲ್ಲಿ ಹಾಡಿದಂತೆ. ಕೆಳಗಿನ ಸ್ಥಾಯಿ ಮುಗಿಯುವ ಷಡ್ಜದಿಂದಲೇ ಮೇಲಿನದು ಹೊರಡುವ ಹಾಗೆ, ಬಿಡಿಗಳ ಕೊನೆಯಲ್ಲಿ ನಿಂತ 'ಎಕ್ಸ್' ಹತ್ತುಗಳಿಗೆ ಮೊದಲ ಮೆಟ್ಟಿಲಾಗುತ್ತದೆ, ಹತ್ತುಗಳ ಕೊನೆಯ 'ಸಿ' ನೂರುಗಳಿಗೆ. ಏಳು ಅಕ್ಷರ ಮತ್ತು ಒಂಬತ್ತು ವಿನ್ಯಾಸ ಗೊತ್ತಿದ್ದರೆ 3999ರವರೆಗೆ ಯಾವ ಸಂಖ್ಯೆಗೂ ಹೆದರಬೇಕಿಲ್ಲ. ಅದರಾಚೆಗೆ ಐದು ಸಾವಿರಕ್ಕೆ ಈ ಏಳರಲ್ಲಿ ಅಕ್ಷರವಿಲ್ಲ. ಅಕ್ಷರದ ತಲೆಯ ಮೇಲೊಂದು ಅಡ್ಡಗೆರೆ ಎಳೆದು ಸಾವಿರಪಟ್ಟು ಮಾಡಿಕೊಳ್ಳಬೇಕು.

ಸೊನ್ನೆಯ ಪಾಡು ನೋಡಲು ಮೋಜು. 2006ನ್ನು ತಿರುಗಿಸಿದರೆ ಎರಡು 'ಎಂ', ಒಂದು 'ವಿ', ಒಂದು 'ಐ'. ನಡುವಿನ ಸೊನ್ನೆಗಳೆರಡೂ ಉದುರಿಹೋದವು. ನೂರು ಇಲ್ಲ ಎಂದು ಹೇಳುವ ಅಗತ್ಯವೇ ಇಲ್ಲ, ಹತ್ತು ಇಲ್ಲವೆಂದೂ ಹೇಳಬೇಕಿಲ್ಲ. ಇದ್ದದ್ದನ್ನು ಬರೆದರೆ ಆಯಿತು. ನಮ್ಮ ದಶಮಾನ ಪದ್ಧತಿಯಲ್ಲಿ ಅಂಕಿ ಎಲ್ಲಿ ಕೂತಿದೆ ಎಂಬುದರಿಂದ ಬೆಲೆ ಬರುತ್ತದೆ, ಹಾಗಾಗಿ ಖಾಲಿ ಕುರ್ಚಿಯನ್ನೂ ಕಾಯಬೇಕು. ರೋಮನ್ ಅಕ್ಷರ ಎಲ್ಲಿಗೆ ಹೋದರೂ ತನ್ನ ಬೆಲೆಯನ್ನು ಹೊತ್ತುಕೊಂಡೇ ಹೋಗುತ್ತದೆ.

ಇದರಿಂದಾಗಿ ಸಂಖ್ಯೆಯ ದೊಡ್ಡತನಕ್ಕೂ ಅದರ ಮೈಕಟ್ಟಿಗೂ ತಾಳೆಯೇ ಇಲ್ಲ. 1888 ಹದಿಮೂರು ಅಕ್ಷರಗಳ ಉದ್ದನೆಯ ಸಾಲು. ಆ ವರ್ಷ ಕಟ್ಟಡ ಮುಗಿಸಿ ಬಾಗಿಲ ಮೇಲೆ ಇಸವಿ ಕೆತ್ತಿಸಿದವರು ಕಲ್ಲುಕುಟಿಗನಿಗೆ ಎಷ್ಟು ಕೆಲಸ ಕೊಟ್ಟಿರಬೇಕು! 1666ರಲ್ಲಿ ಏಳೂ ಅಕ್ಷರಗಳು ಒಂದೊಂದೇ ಸಲ, ದೊಡ್ಡದರಿಂದ ಚಿಕ್ಕದಕ್ಕೆ, ಸಾಲಾಗಿ ಬಂದು ಹೋಗುತ್ತವೆ. 1999 ಏಳು ಅಕ್ಷರ. ಮಧ್ಯರಾತ್ರಿ ಕಳೆದು 2000 ಬಂತು, ಎರಡೇ 'ಎಂ'. 1999ನ್ನು ಸುಮ್ಮನೆ ಎರಡು ಸಾವಿರಕ್ಕೆ ಒಂದು ಕಮ್ಮಿ ಎಂದು ಎಂ-ಐ-ಎಂ ಬರೆದರೇನು ಎಂದು ಆಗ ಬಹಳ ಜನ ಕೇಳಿದ್ದರು. ಕೇಳಲು ಜಾಣತನದ್ದೇ. ಆದರೆ ಬಿಡಿಯ ಸ್ಥಾಯಿಯ 'ಐ' ನೂರು, ಹತ್ತುಗಳನ್ನು ದಾಟಿ ಒಮ್ಮೆಗೇ ಸಾವಿರದ ಹೆಗಲೇರುವಂತಿಲ್ಲ. ಅದು ಕಳೆಯಬಹುದಾದದ್ದು ಐದರಿಂದ ಮತ್ತು ಹತ್ತರಿಂದ ಮಾತ್ರ. ಸಾವಿರ, ಒಂಬೈನೂರು, ತೊಂಬತ್ತು, ಒಂಬತ್ತು ಎಂದು ಒಂದೊಂದು ಸ್ಥಾನವನ್ನೂ ಬೇರೆಬೇರೆಯಾಗಿ ತೀರಿಸಿಯೇ ಬರಬೇಕು.

ಇಲ್ಲಿಯವರೆಗೆ ಹೇಳಿದ್ದು ಮೇಷ್ಟರ ಕಾನೂನು. ರೋಮಿನ ಕಲ್ಲುಗಳು ಈ ಕಾನೂನನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸಿದ್ದೇ ಇಲ್ಲ. ನನಗೆ ಈ ಅಂಕಿಗಳ ಮೇಲೆ ಪ್ರೀತಿ ಹುಟ್ಟಿದ್ದೇ ಅಲ್ಲಿ.

ಕೊಲೋಸಿಯಂ ಸಾಕ್ಷಿ. ಕ್ರಿಸ್ತಶಕ 80ರಲ್ಲಿ ಚಕ್ರವರ್ತಿ ಟೈಟಸ್‌ನ ಕಾಲಕ್ಕೆ ತೆರೆದ ಆ ಭಾರೀ ಅಖಾಡಕ್ಕೆ ನೆಲಮಟ್ಟದಲ್ಲಿ ಸುತ್ತ 80 ಕಮಾನು ಬಾಗಿಲು. ನಾಲ್ಕು ದಿಕ್ಕಿನ ನಾಲ್ಕು ಹೆಬ್ಬಾಗಿಲು ಬಿಟ್ಟರೆ ಉಳಿದ 76ಕ್ಕೆ ನಂಬರು. ಸಾವಿರಾರು ಜನ ನುಗ್ಗಿಬರುವಾಗ ಯಾರು ಎಲ್ಲಿಂದ ಒಳಗೆ ಹೋಗಬೇಕೆಂದು ಗೊತ್ತಾಗಲು ಕಮಾನಿನ ನೆತ್ತಿಗೇ ಅಂಕಿ ಕೊರೆದಿದ್ದಾರೆ. ಭೂಕಂಪಗಳಿಂದ, ಕಲ್ಲು ಕಿತ್ತೊಯ್ದವರಿಂದ ಒಂದು ಪಕ್ಕ ಹಾಳಾಯಿತು. ಉತ್ತರದ ಬದಿಯಲ್ಲಿ 23ರಿಂದ 54ರವರೆಗಿನ ಬಾಗಿಲುಗಳು ಈಗಲೂ ನಿಂತಿವೆ. ಅವುಗಳಲ್ಲಿ ನಲವತ್ತನಾಲ್ಕನೆಯ ಬಾಗಿಲಿನ ಮುಂದೆ ಕತ್ತೆತ್ತಿ ನಿಂತರೆ ಕಾಣುವುದು: ಎಕ್ಸ್-ಎಲ್, ಆಮೇಲೆ ಒಂದರ ಪಕ್ಕ ಒಂದು ನಾಲ್ಕು ಗೀಟು.

ನೋಡಿ, ಒಂದೇ ಸಂಖ್ಯೆಯೊಳಗೆ ಎರಡು ನ್ಯಾಯ. ನಲವತ್ತನ್ನು ಐವತ್ತಕ್ಕೆ ಹತ್ತು ಕಮ್ಮಿ ಎಂದು ಕಳೆದು ಬರೆದ ಕೈಯೇ, ಮಗ್ಗುಲಲ್ಲಿ ನಾಲ್ಕನ್ನು ಒಂದು-ಒಂದು-ಒಂದು-ಒಂದು ಎಂದು ಕೂಡಿ ಬರೆದಿದೆ. ಐದನೇ ಕ್ಲಾಸಿನ ಹುಡುಗ ಹೀಗೆ ಬರೆದರೆ ಕೆಂಪು ಗೀಟು ಬೀಳುತ್ತದೆ. 54ನೆಯ ಬಾಗಿಲಿನಲ್ಲೂ ಹಾಗೆಯೇ, 'ಎಲ್' ಮತ್ತು ನಾಲ್ಕು ಗೀಟು. ಅವತ್ತಿನವರಿಗೆ ಎರಡು ದಾರಿಯೂ ದಾರಿಯೇ. ಜಾಗ ಎಷ್ಟಿದೆ, ಕಣ್ಣಿಗೆ ಯಾವುದು ಬೇಗ ಹತ್ತುತ್ತದೆ, ಕೈಗೆ ಯಾವುದು ರೂಢಿ, ಇದರ ಮೇಲೆ ಆಯ್ಕೆ. ನಾಲ್ಕು 'ಎಕ್ಸ್' ಎಂದರೆ ಎಂಟು ಓರೆಗೆರೆ ಕೊರೆಯಬೇಕು, ಉಳಿಗೂ ಬೇಸರ ಬರುತ್ತದೆ. ನಾಲ್ಕು ನೆಟ್ಟಗಿನ ಗೀಟು ಏನೂ ಹೊರೆಯಲ್ಲ. ಇದು ನನ್ನ ಊಹೆ, ಆದರೆ ಆ ಕಲ್ಲನ್ನು ನೋಡಿದರೆ ಬೇರೆ ಏನನ್ನೂ ಊಹಿಸಲು ಮನಸ್ಸಾಗುವುದಿಲ್ಲ.

ಲೆಕ್ಕ ಮಾಡುವವರಿಗಂತೂ ನಾಲ್ಕು ಗೀಟೇ ವಾಸಿ. 23ಕ್ಕೆ 16 ಕೂಡಬೇಕು. ರೋಮನ್ನಿನಲ್ಲಿ ಎರಡು 'ಎಕ್ಸ್' ಮೂರು 'ಐ' ಒಂದು ಕಡೆ. ಒಂದು 'ಎಕ್ಸ್', ಒಂದು 'ವಿ', ಒಂದು 'ಐ' ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ಸುರಿದು ಒಂದೇ ಜಾತಿಯವನ್ನು ಒಂದೆಡೆ ಸೇರಿಸಿ: ಮೂರು 'ಎಕ್ಸ್', ಒಂದು 'ವಿ', ನಾಲ್ಕು 'ಐ'. ಮೂವತ್ತೊಂಬತ್ತು! ಮಗ್ಗಿ ಬೇಡ, ದಶಕ ಬೇಡ. ಐದು 'ಐ' ಆದರೆ ಒಂದು 'ವಿ', ಎರಡು 'ವಿ' ಆದರೆ ಒಂದು 'ಎಕ್ಸ್' ಎಂದು ಕಟ್ಟು ಕಟ್ಟುತ್ತ ಹೋದರಾಯಿತು. ರೋಮನರು ಲೆಕ್ಕ ಹಾಕುತ್ತಿದ್ದದ್ದು ಬರೆದಲ್ಲ, ಅಬ್ಯಾಕಸ್ಸಿನ ಮೇಲೆ. ಅಂಗೈಯಗಲದ ಅವರ ಕಂಚಿನ ಅಬ್ಯಾಕಸ್ಸುಗಳಲ್ಲಿ ಪೂರ್ಣಸಂಖ್ಯೆಯ ಒಂದೊಂದು ಸಾಲಿಗೂ ಕೆಳಗೆ ನಾಲ್ಕು ಗುಂಡಿ, ಮೇಲೆ ಐದರ ಬೆಲೆಯ ಒಂದು ಗುಂಡಿ. ಮೇಲಿನದು 'ವಿ', ಕೆಳಗಿನವು ನಾಲ್ಕು 'ಐ'. ಗುಂಡಿಗಳು ಎಲ್ಲಿ ನಿಂತವೋ ಅದನ್ನೇ ನೋಡಿ ಬರೆದರೆ ಒಂಬತ್ತು ಎಂದರೆ 'ವಿ'ಯ ಮುಂದೆ ನಾಲ್ಕು ಗೀಟು. ಕಳೆದು ಬರೆಯುವ 'ಐ-ವಿ', 'ಐ-ಎಕ್ಸ್' ಹೀಗೆ ಸುರಿದು ಕೂಡಲು ಬರುವುದಿಲ್ಲ. ಅವು ಕಣ್ಣಿಗೂ ಜಾಗಕ್ಕೂ ಮಾಡಿಕೊಂಡ ಸಂಕ್ಷೇಪ. ಗುಣಾಕಾರ, ಭಾಗಾಕಾರಕ್ಕೆ ಬಂದರೆ ನಮ್ಮ ಪದ್ಧತಿಯ ಮುಂದೆ ರೋಮನ್ನಿನ ಆಟ ನಡೆಯುವುದಿಲ್ಲ, ಆ ವಾದಕ್ಕೆ ನಾನು ಹೋಗುವುದೂ ಇಲ್ಲ.

ಕಳೆಯುವ ರೀತಿಗೂ ಒಂದು ಸೊಗಸಿದೆ ಎಂಬುದನ್ನು ತೋರಿಸುವ ಕಲ್ಲು ಜರ್ಮನಿಯ ಬಾನ್ ನಗರದ ಮ್ಯೂಸಿಯಮ್ಮಿನಲ್ಲಿದೆ. ಕ್ರಿಸ್ತಶಕ 9ರಲ್ಲಿ ವಾರುಸ್ ಎಂಬ ರೋಮನ್ ಸೇನಾಪತಿಯ ಮೂರು ದಂಡುಗಳು, ಅಂದರೆ ಲೀಜನ್‌ಗಳು, ಜರ್ಮನಿಯ ಕಾಡಿನಲ್ಲಿ ಸಿಕ್ಕಿ ನಾಶವಾದವು. ಸತ್ತವರಲ್ಲಿ ಒಬ್ಬ ಮಾರ್ಕುಸ್ ಕೇಲಿಯುಸ್, ಇಂದಿನ ಬೊಲೊನ್ಯಾ ಊರಿನವನು, ಹದಿನೆಂಟನೆಯ ಲೀಜನ್ನಿನ ಅಧಿಕಾರಿ. ದೇಹ ಸಿಗಲಿಲ್ಲ. ತಮ್ಮನೋ ಅಣ್ಣನೋ, ಪುಬ್ಲಿಯುಸ್ ಎಂಬ ಒಡಹುಟ್ಟಿದವನು ಕಲ್ಲು ನಿಲ್ಲಿಸಿದ. ಎದೆಯ ತುಂಬ ಪದಕ, ಕೈಯಲ್ಲಿ ಅಧಿಕಾರದ ಬೆತ್ತ, ಎರಡು ಪಕ್ಕದಲ್ಲಿ ಅವನು ಬಿಡುಗಡೆ ಮಾಡಿದ ಇಬ್ಬರು ಗುಲಾಮರ ಮುಖ. ಕೆಳಗಿನ ಬರಹದಲ್ಲಿ ಲೀಜನ್ನಿನ ಸಂಖ್ಯೆ: ಎಕ್ಸ್-ಐ-ಐ-ಎಕ್ಸ್.

ಹದಿನೆಂಟಕ್ಕೆ ನಮ್ಮ ಶಾಲೆ ಕಲಿಸಿದ್ದು ಎಕ್ಸ್-ವಿ-ಐ-ಐ-ಐ. ಇಲ್ಲಿ ಎರಡು ಗೀಟು ಎರಡನೆಯ ಹತ್ತಿನ ಎಡಕ್ಕೆ ನಿಂತು ಅದರಿಂದ ಎರಡನ್ನು ಕಳೆಯುತ್ತಿವೆ. ಲ್ಯಾಟಿನ್ ಮಾತಿನಲ್ಲೂ ಹದಿನೆಂಟನ್ನು ಇಪ್ಪತ್ತಕ್ಕೆ ಎರಡು ಕಮ್ಮಿ ಎಂದೇ ಎಣಿಸುತ್ತಿದ್ದರು. ಕುಟಿಗ ಬಾಯಲ್ಲಿದ್ದದ್ದನ್ನೇ ಕಲ್ಲಿಗೆ ಇಳಿಸಿದ್ದಾನೆ. ಕಾನೂನಿನ ಪ್ರಕಾರ ಒಂದಕ್ಕಿಂತ ಹೆಚ್ಚು ಕಳೆಯುವಂತಿಲ್ಲ. ಆದರೆ ಆ ನಾಲ್ಕಕ್ಷರದ ರೂಪವನ್ನೊಮ್ಮೆ ನೋಡಿ. ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ, ತಲೆಕೆಳಗು ಮಾಡಿದರೂ ಅದೇ. ಎರಡು ಕಡೆ ಎರಡು ಕತ್ತರಿ, ನಡುವೆ ಎರಡು ನೆಟ್ಟ ಗೀಟು. ಐದಕ್ಷರದ ಶಾಲಾರೂಪಕ್ಕೆ ಈ ಅಂದ ಎಲ್ಲಿಂದ ಬರಬೇಕು?

ಅದೇ ಕಲ್ಲಿನಲ್ಲಿ ವಯಸ್ಸೂ ಇದೆ: ಐವತ್ತಮೂರು, ಅದರ ಮುಂದೊಂದು 'ಎಸ್'. ಈ 'ಎಸ್' ಅರ್ಧ. ಕೇಲಿಯುಸ್ ಬದುಕಿದ್ದು ಐವತ್ತಮೂರೂವರೆ ವರ್ಷ. ಶಾಲೆಯ ಕೋಷ್ಟಕದಲ್ಲಿ ಈ ಅಕ್ಷರಕ್ಕೆ ಜಾಗವೇ ಇಲ್ಲ. ರೋಮನರು ಪೂರ್ಣಸಂಖ್ಯೆಯನ್ನು ಹತ್ತರಲ್ಲೂ ಭಿನ್ನರಾಶಿಯನ್ನು ಹನ್ನೆರಡರಲ್ಲೂ ಎಣಿಸುತ್ತಿದ್ದರು. ಹನ್ನೆರಡಾದರೆ ಅರ್ಧ, ಮೂರರಲ್ಲೊಂದು, ಕಾಲು ಎಲ್ಲವೂ ಚೂರುಪಾರು ಉಳಿಸದೆ ಬರುತ್ತವಲ್ಲ! ಅವರ ಹಳೆಯ ಕಂಚಿನ ನಾಣ್ಯಗಳಲ್ಲಿ ಇಡೀ ನಾಣ್ಯಕ್ಕೆ ಒಂದು ಗೀಟು, ಅರ್ಧಕ್ಕೆ 'ಎಸ್', ಮೂರರಲ್ಲೊಂದಕ್ಕೆ ನಾಲ್ಕು ಚುಕ್ಕಿ, ಕಾಲಿಗೆ ಮೂರು ಚುಕ್ಕಿ, ಆರರಲ್ಲೊಂದಕ್ಕೆ ಎರಡು. ಆಣೆಗೆ ಹನ್ನೆರಡು ಪೈ ಎಂದು ಎಣಿಸಿ ಬೆಳೆದ ನಮ್ಮ ಹಿರಿಯರಿಗೆ ಇದು ಥಟ್ಟನೆ ಹೊಳೆಯುತ್ತಿತ್ತು.

ಕೂಡಿ ಬರೆದ ನಾಲ್ಕು ಇಂದಿಗೂ ಬದುಕಿರುವ ಜಾಗವೊಂದಿದೆ, ಗಡಿಯಾರ. ಹಳೆಯ ಮನೆಗಳ ಪಡಸಾಲೆಯಲ್ಲಿ ತೂಗುವ ಲೋಲಕದ ಗಡಿಯಾರದ ಮುಖವನ್ನು ಹತ್ತಿರ ಹೋಗಿ ನೋಡಿ. ರೋಮನ್ ಅಂಕಿಯದಾದರೆ ನಾಲ್ಕರ ಜಾಗದಲ್ಲಿ ಹೆಚ್ಚಾಗಿ ನಾಲ್ಕು ಗೀಟೇ ಇರುತ್ತದೆ, ಒಂಬತ್ತರಲ್ಲಿ ಮಾತ್ರ ಕಳೆದು ಬರೆದ 'ಐ-ಎಕ್ಸ್'. ಯಾರೋ ರಾಜ ಹಟ ಹಿಡಿದನಂತೆ, ಅಚ್ಚು ಎರಕ ಹೊಯ್ಯಲು ಸುಲಭವಂತೆ ಎಂದು ಕಥೆಗಳು ಬೇಕಾದಷ್ಟಿವೆ, ಗಟ್ಟಿ ಆಧಾರ ಯಾವುದಕ್ಕೂ ಇಲ್ಲ. ನನಗೆ ಕಥೆಗಿಂತ ಲೆಕ್ಕ ಇಷ್ಟ. ನಾಲ್ಕು ಗೀಟು ಇಟ್ಟರೆ ಇಡೀ ಮುಖದಲ್ಲಿ 20 'ಐ', 4 'ವಿ', 4 'ಎಕ್ಸ್'. ಮೊದಲ ನಾಲ್ಕು ಗಂಟೆ ಬರಿಯ ಗೀಟುಗಳದು, ನಡುವಿನ ನಾಲ್ಕು 'ವಿ'ಯವು, ಕೊನೆಯ ನಾಲ್ಕು 'ಎಕ್ಸ್'ನವು. ಎದುರು ಬದಿಯ ಎಂಟು ನಾಲ್ಕಕ್ಷರದ ಅಗಲದ್ದು. ಈ ಕಡೆ ನಾಲ್ಕು ಗೀಟಿದ್ದರೆ ತೂಕ ಸರಿಹೋಗುತ್ತದೆ. ಲಂಡನ್ನಿನ ಬಿಗ್ ಬೆನ್ ಗಡಿಯಾರದಲ್ಲಿ ನಾಲ್ಕು 'ಐ-ವಿ' ಎಂದೇ ಇದೆ. ಜಗತ್ತಿನ ಹೆಸರಾಂತ ಗಡಿಯಾರವಿರಬಹುದು, ಅದರ ಬಲಗೆಳಗಿನ ಮೂಲೆ ನನಗೆ ಯಾಕೋ ಬಡವಾಗಿ ಕಾಣುತ್ತದೆ.

ಇನ್ನು ವ್ಯಾಟಿಕನ್ನಿನ ಸೇಂಟ್ ಪೀಟರ್ ಚರ್ಚಿನ ಮುಂಗೋಡೆ. ಅದರ ಉದ್ದಕ್ಕೂ ದೊಡ್ಡ ಅಕ್ಷರಗಳಲ್ಲಿ ಐದನೆಯ ಪೌಲುಸ್ ಪೋಪನ ಹೆಸರಿದೆ, 1612 ಎಂಬ ಇಸವಿಯಿದೆ, ಅವನ ಆಳ್ವಿಕೆಯ ಏಳನೆಯ ವರ್ಷವೆಂದಿದೆ. ಹಳೆಯ ಲ್ಯಾಟಿನ್ ಕೆತ್ತನೆಯಲ್ಲಿ 'ಉ' ಸ್ವರಕ್ಕೂ 'ವಿ' ಆಕಾರವೇ. ಹಾಗಾಗಿ ಪೌಲುಸ್ ಎಂಬಲ್ಲಿ ಎರಡು ಸಲ ಬಂದ ಆ ಆಕಾರ ಸ್ವರ. ಪಕ್ಕದಲ್ಲೇ ಒಂಟಿಯಾಗಿ ನಿಂತಾಗ ಐದು. ಸಾಲಿನ ಕೊನೆಯಲ್ಲಿ ಎರಡು ಗೀಟು ಜೊತೆಗೂಡಿದಾಗ ಏಳು. ಕೆತ್ತಿದವನಿಗೆ ಎಲ್ಲವೂ ಒಂದೇ ಅಳತೆ. ಓದುವವನು ಮಾತ್ರ ಅಕ್ಷರದಿಂದ ಅಂಕಿಗೆ, ಅಂಕಿಯಿಂದ ಅಕ್ಷರಕ್ಕೆ ದಾಟುತ್ತಿರಬೇಕು. ಇಂಥ ಸಾಲಿನ ನಡುವೆ 1612 ಎಂದು ನಮ್ಮ ಅಂಕಿ ಬರೆದಿದ್ದರೆ ಅದು ಎದ್ದು ಬೇರೆಯಾಗಿ ಕಾಣುತ್ತಿತ್ತು. ರೋಮನ್ ಅಂಕಿ ಅಕ್ಷರಗಳ ಕುಲದ್ದೇ ಆದ್ದರಿಂದ ಸಾಲಿನಲ್ಲಿ ಬೆರೆತುಹೋಗುತ್ತದೆ. ಕಲ್ಲಿನ ಮೇಲೆ ಅದಿನ್ನೂ ಉಳಿದಿರುವುದಕ್ಕೆ ನನ್ನ ಪ್ರಕಾರ ಗತ್ತಿಗಿಂತ ಈ ಬೆರೆಯುವ ಗುಣವೇ ಹೆಚ್ಚು ಕಾರಣ. ಗತ್ತು ಇಲ್ಲವೆಂದಲ್ಲ. ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯವನ್ನೇ ನೋಡಿ: ಭಾಗಗಳಿಗೆ ರೋಮನ್ ಅಂಕಿ, ಅನುಚ್ಛೇದಗಳಿಗೆ ಮಾಮೂಲಿ ಅಂಕಿ. ಯಜಮಾನಿಕೆ ಒಬ್ಬರದು, ದುಡಿಮೆ ಇನ್ನೊಬ್ಬರದು.

ಕಲ್ಲಿನ ಮೇಲೆ ಸಂಖ್ಯೆಯನ್ನು ಪದದಲ್ಲಿ ಬರೆಯಬೇಕೋ ಗೀಟಿನಲ್ಲಿ ಬರೆಯಬೇಕೋ ಎಂಬ ತಕರಾರು ರೋಮಿನಲ್ಲೇ ಒಮ್ಮೆ ಎದ್ದಿತ್ತು. ಔಲುಸ್ ಗೆಲ್ಲಿಯುಸ್ ಎಂಬ ಎರಡನೆಯ ಶತಮಾನದ ಲೇಖಕ ಅದನ್ನು ಬಾಯಿ ಚಪ್ಪರಿಸಿ ಹೇಳಿದ್ದಾನೆ. ರೋಮಿನ ಸೇನಾನಾಯಕ ಪಾಂಪೆ ತನ್ನ ರಂಗಮಂದಿರಕ್ಕೆ ಸೇರಿದಂತೆ ಒಂದು ಗುಡಿ ಕಟ್ಟಿಸಿದ. ಶಾಸನದಲ್ಲಿ ತನ್ನ ಹೆಸರು, ತಾನು ಮೂರನೆಯ ಸಲ ಕಾನ್ಸಲ್ ಎಂಬ ರೋಮಿನ ಅತ್ಯುನ್ನತ ಹುದ್ದೆಗೇರಿದ್ದು ಎರಡೂ ಬರಬೇಕು. 'ಮೂರನೆಯ ಸಲ' ಎಂಬುದಕ್ಕೆ ಲ್ಯಾಟಿನ್ನಿನಲ್ಲಿ 'ತೆರ್ತಿಯುಂ' ಸರಿಯೋ 'ತೆರ್ತಿಯೊ' ಸರಿಯೋ? ಪಾಂಪೆ ಪಂಡಿತರನ್ನು ಕೇಳಿದ. ಪಂಡಿತರು ಎರಡು ಪಂಗಡವಾದರು. ಕೊನೆಗೆ ವಾಗ್ಮಿ ಸಿಸಿರೊನ ಹತ್ತಿರ ಹೋದ. ಸಿಸಿರೊಗೆ ಯಾವ ಪಂಗಡವನ್ನೂ ಎದುರು ಹಾಕಿಕೊಳ್ಳುವ ಮನಸ್ಸಿಲ್ಲ. ಎರಡೂ ಬೇಡ, 'ತೆರ್ತ್' ಎಂದು ಮೊದಲ ನಾಲ್ಕು ಅಕ್ಷರ ಕೆತ್ತಿಸಿ ನಿಲ್ಲಿಸು, ಅರ್ಥವೂ ಆಗುತ್ತದೆ, ಜಗಳವೂ ತಪ್ಪುತ್ತದೆ ಎಂದ. ಪಾಂಪೆ ಹಾಗೆಯೇ ಮಾಡಿದ. ಗೆಲ್ಲಿಯುಸನ ಕಾಲಕ್ಕೆ ಆ ಬರಹ ಇರಲಿಲ್ಲ. ಗೋಡೆ ಬಿದ್ದು ಮತ್ತೆ ಕಟ್ಟಿದಾಗ, ರಿಪೇರಿಯವರು ಪದದ ಉಸಾಬರಿಯೇ ಬೇಡವೆಂದು ಮೂರು ಗೀಟು ಎಳೆದು ಕೈತೊಳೆದುಕೊಂಡಿದ್ದರು.

ಅಲ್ಲಿಂದ ಹತ್ತು ನಿಮಿಷ ನಡೆದರೆ ಪ್ಯಾಂಥಿಯನ್. ಅದರ ಹಣೆಯ ಮೇಲೆ ಅಗ್ರಿಪ್ಪ ಎಂಬ ರೋಮನ್ ಮುಖಂಡನ ಮೂರನೆಯ ಕಾನ್ಸಲ್‌ಗಿರಿಯನ್ನು ಯಾರನ್ನೂ ಕೇಳದವರಂತೆ 'ತೆರ್ತಿಯುಂ' ಎಂದು ಪೂರ್ತಿ ಬರೆದಿದೆ.